ವೀಸಾ 2033ರವರೆಗೆ ಇದೆ, ಅಮ್ಮ ಎಷ್ಟು ದಿನ ಇರಬಹುದು?

ಇಲ್ಲಿ ಅಮೆರಿಕದಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಅಮ್ಮನ ವೀಸಾ 2033ರವರೆಗೆ ಇದೆ. ಇನ್ನೊಂದು ತಿಂಗಳು ಇಲ್ಲೇ ಇದ್ದರೆ ಏನಾಗುತ್ತೆ?" ತಮ್ಮ ವೀಸಾದ ಒಂದೊಂದು ಕಾಗದವನ್ನೂ ಜೋಪಾನ ಮಾಡುವ ಜನ ಇವರು. ಅಪ್ಪ ಅಮ್ಮನ ವಿಷಯದಲ್ಲಿ ಮಾತ್ರ ಎಡವುತ್ತಾರೆ.

ಅಮೆರಿಕದ ಪ್ರವಾಸಿ ವೀಸಾ ಬಾಗಿಲವರೆಗೆ ಬರಲು ಕೊಟ್ಟ ಅನುಮತಿ, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಇಳಿದ ದಿನ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ. ಆ ದಾಖಲೆಯ ಹೆಸರು ಐ-94. ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಮೊದಲು ಒಂದು ಬಿಳಿ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಡುತ್ತಿದ್ದರು. 2013ರಿಂದ ಅದು ಕಂಪ್ಯೂಟರಿನೊಳಗೆ ಹೋಯಿತು. ಈಗ ಎಷ್ಟೋ ಸಲ ಪಾಸ್‌ಪೋರ್ಟಿಗೆ ಮುದ್ರೆ ಕೂಡ ಬೀಳುವುದಿಲ್ಲ. ಕಣ್ಣಿಗೆ ಕಾಣುವುದು ಹತ್ತು ವರ್ಷದ ವೀಸಾ ಒಂದೇ.

ಇಲ್ಲಿಗೆ ಬರುವ ಮುಂಚೆ ನಾನು ದುಬೈನಲ್ಲಿದ್ದೆ. ಅಲ್ಲಿ ಅವಧಿ ಮೀರಿದರೆ ಲೆಕ್ಕ ನೇರ. ಈಗ ದಿನಕ್ಕೆ 50 ದಿರ್ಹಂ ದಂಡ. ದಿನ ಕಳೆದಂತೆ ಅದು ಬೆಳೆಯುತ್ತದೆ, ದೇಶ ಬಿಡುವಾಗ ಕಟ್ಟಲೇಬೇಕು. ಬಡ ಕೆಲಸಗಾರನಿಗೆ ಅದು ಸಣ್ಣ ಹೊರೆಯಲ್ಲ. ಆದರೂ ಆಗಾಗ ಸರ್ಕಾರವೇ ಕ್ಷಮಾದಾನ ಕೊಡುತ್ತದೆ. 2018ರಲ್ಲಿ ಕೊಟ್ಟಿತ್ತು, 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೆ ಕೊಟ್ಟಿತು. ನಮ್ಮೂರಿನ ರೂಢಿಗೂ ಇದು ಹೊಂದುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಾಗ ಬೆಂಗಳೂರಿನಲ್ಲಿ ಜನ ಸಾಲು ನಿಂತಿರಲಿಲ್ಲವೇ? ತಡವಾದರೆ ದಂಡ ಕಟ್ಟಿದರಾಯ್ತು ಅನ್ನುವ ಮನಸ್ಸು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ.

ಅಮೆರಿಕದಲ್ಲಿ ಹಾಗೆ ದಂಡ ಕೇಳುವವರೇ ಇಲ್ಲ. ಹೊರಡುವಾಗ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ಹಾಗೆ ಇಮಿಗ್ರೇಷನ್ ಕೌಂಟರ್ ಕೂಡ ಇಲ್ಲ. ಚೆಕ್-ಇನ್ ಮಾಡಿ, ಸುಮ್ನೆ ಹೋಗಿ ವಿಮಾನ ಹತ್ತುತ್ತೀರಿ. ಯಾರೂ ಏನೂ ಕೇಳಲಿಲ್ಲ, ಹಾಗಾದರೆ ಯಾರಿಗೂ ಗೊತ್ತಾಗಿಲ್ಲ ಅಂದುಕೊಳ್ಳುತ್ತೇವೆ. ಆದರೆ ಹೊರಟ ತಾರೀಕು ವಿಮಾನ ಕಂಪನಿಯಿಂದ ಸರ್ಕಾರಕ್ಕೆ ಹೋಗಿರುತ್ತದೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಈ ಮೌನವೇ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಮಗಳ ಬಾಣಂತನಕ್ಕೆ ಹಾಸನದಿಂದ ತಾಯಿ ಬಂದರು. ಅಂಟಿನುಂಡೆ ಮಾಡಿಕೊಂಡು ಬಂದಿದ್ದರು, ನಮ್ಮ ಮನೆಗೂ ಒಂದು ಡಬ್ಬಿ ಬಂತು. ಸೆಪ್ಟೆಂಬರ್ ಕೊನೆಗೆ ಆರು ತಿಂಗಳು ಮುಗಿಯಿತು. ಮಗುವಿನ ಅನ್ನಪ್ರಾಶನ ಆಗಲಿ, ದೀಪಾವಳಿ ಆಗಲಿ ಅಂತ ಐದು ವಾರ ಜಾಸ್ತಿ ಉಳಿದರು. ಆರಾಮಾಗಿ ಊರು ಸೇರಿದರು. ಎರಡು ವರ್ಷದ ನಂತರ ಎರಡನೇ ಹೆರಿಗೆಗೆ ಬಂದಾಗ ಅವರನ್ನು ವಿಮಾನ ನಿಲ್ದಾಣದಲ್ಲೇ ಕೂರಿಸಿ ವಾಪಸ್ ಕಳಿಸಿದರು. ಐ-94 ತಾರೀಕು ಮೀರಿದ ಕ್ಷಣವೇ ಆ ವೀಸಾ ಸತ್ತುಹೋಗಿತ್ತು. ಒಂದು ದಿನ ಮೀರಿದರೂ ಕಾನೂನು ಅದೇ. ಮಗಳು ಹೊರಗೆ ಕಾಯುತ್ತಿದ್ದಳು, ತುಂಬು ಗರ್ಭಿಣಿ. ಅವಳ ಮುಖ ನನಗೆ ಮರೆಯುವುದಿಲ್ಲ.

ಇನ್ನೂ ಜಾಸ್ತಿ ದಿನ ಉಳಿದರೆ ಕಷ್ಟ ಇನ್ನೂ ದೊಡ್ಡದು. 1996ರ ಕಾನೂನಿನ ಪ್ರಕಾರ ಐ-94 ತಾರೀಕು ದಾಟಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರು ಮೂರು ವರ್ಷ ಮತ್ತೆ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾದರೆ ಹತ್ತು ವರ್ಷ. ಎಪ್ಪತ್ತು ದಾಟಿದ ತಾಯಿಗೆ ಹತ್ತು ವರ್ಷ ಅಂದರೆ ಏನು, ಯೋಚಿಸಿ.

ನಿಜವಾಗಿಯೂ ಉಳಿಯಲೇಬೇಕಾದರೆ ದಾರಿ ಇದೆ. ಆಪರೇಷನ್ ಆಗಿರಬಹುದು, ವಿಮಾನದಲ್ಲಿ ಕೂರಲು ಆಗದಿರಬಹುದು. ತಾರೀಕು ಮುಗಿಯುವ ಮೊದಲೇ ಅವಧಿ ವಿಸ್ತರಿಸಿ ಅಂತ ಕೇಳುವ ಐ-539 ಅರ್ಜಿ ಹಾಕಿ, ಕಾರಣ ಕೊಡಬೇಕು. ಮುಗಿದ ಮೇಲೆ ಹಾಕಿದರೆ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ.

ಹೋದ ಸಲ ಅಮ್ಮ ಬಂದ ರಾತ್ರಿಯೇ ನಾನು ಐ-94 ತೆಗೆದು ನೋಡಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಅಮ್ಮ ನೋಡುತ್ತಾ ನಿಂತಿದ್ದರು. "ಬಂದ ದಿನವೇ ಕಳಿಸೋ ದಿನ ಗುರುತು ಹಾಕ್ತೀಯಲ್ಲೋ" ಅಂದರು. ಬೇಜಾರಾಗಿತ್ತು ಅವರಿಗೆ. "ಮುಂದಿನ ವರ್ಷವೂ ನೀನು ಬರಬೇಕಲ್ಲಮ್ಮ" ಅಂದೆ.