ಐವತ್ತು ದಾಟಿದವರೆಲ್ಲ ಐಜಿಎಫ್-1 ನೋಡಿಸಬೇಕಾ?

ಪರ

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ವರ್ಷಕ್ಕೊಮ್ಮೆ ಶುಗರ್, ಕೊಲೆಸ್ಟ್ರಾಲ್ ನೋಡಿಸುವವರು ಈಗ ತುಂಬಾ ಇದ್ದಾರೆ. ಅದೇ ರಕ್ತದಲ್ಲಿ ಐಜಿಎಫ್-1 ಕೂಡ ಒಮ್ಮೆ ನೋಡಿಸಬೇಕು. ದೇಹದಲ್ಲಿ ಬೆಳವಣಿಗೆಯ ಹಾರ್ಮೋನು ಎಷ್ಟಿದೆ ಎಂದು ಅಂದಾಜಿಸಲು ನೋಡುವ ವಸ್ತು ಅದು.

ಬೆಳವಣಿಗೆಯ ಹಾರ್ಮೋನು ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಅದು ಬಿಟ್ಟು ಬಿಟ್ಟು ಬರುತ್ತದೆ, ನಿದ್ದೆಯಲ್ಲಿ ಜಾಸ್ತಿ. ಒಂದು ಸಲ ಅಳೆದರೆ ಏನೂ ತಿಳಿಯುವುದಿಲ್ಲ. ಆ ಹಾರ್ಮೋನಿನಿಂದಾಗಿ ಲಿವರ್ ತಯಾರಿಸುವ ಐಜಿಎಫ್-1 ಹಾಗಲ್ಲ. ಅದರ ಮಟ್ಟ ಬೆಳಗ್ಗೆ, ಸಂಜೆ ಹೆಚ್ಚುಕಡಿಮೆ ಒಂದೇ.

ಈ ಮಟ್ಟ ಮೇಲಿರುವವರಲ್ಲಿ ಸ್ತನ, ಪ್ರಾಸ್ಟೇಟ್, ದೊಡ್ಡ ಕರುಳಿನ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿದೆ. ತೀರಾ ಕೆಳಗಿರುವವರಲ್ಲಿ ಹೃದಯದ ಕಾಯಿಲೆ, ಮೂಳೆ ಸವೆತ.

ನನಗೆ ಮುಖ್ಯವಾದದ್ದು ಅಕ್ರೊಮೆಗಲಿ. ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದು ಹಾರ್ಮೋನು ಅತಿಯಾಗುವ ಕಾಯಿಲೆ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ದವಡೆ ಮುಂದೆ ಬರುತ್ತದೆ. ದಿನಾ ನೋಡುವ ಮುಖ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ವರ್ಷಗಳು ಹೋಗಿಬಿಡುತ್ತವೆ. ಅಷ್ಟರಲ್ಲಿ ಶುಗರ್, ಬಿಪಿ ಬಂದು ಹೃದಯಕ್ಕೂ ಪೆಟ್ಟು ಬಿದ್ದಿರುತ್ತದೆ. ಒಂದು ಪರೀಕ್ಷೆಯಿಂದ ಅದು ಬೇಗ ಸಿಕ್ಕರೆ ಒಬ್ಬರ ಬದುಕು ಉಳಿದಂತೆ, ಅಲ್ವಾ?

ವಿರೋಧ

ಅಕ್ರೊಮೆಗಲಿಯ ಮಾತು ನಿಜ. ಆದರೆ ಅದು ತೀರಾ ಅಪರೂಪ. ಲಕ್ಷಣ ಇದ್ದವರಿಗೆ ಪರೀಕ್ಷೆ ಬೇಕೇ ಬೇಕು. ಆರಾಮವಾಗಿರುವ ಎಲ್ಲರಿಗೂ ಯಾಕೆ?

ಈ ಅಂಕೆಯನ್ನು ಓದುವುದು ಸುಲಭವಲ್ಲ. ಹರೆಯದಲ್ಲಿ ಅದು ತುತ್ತತುದಿಗೆ ಹೋಗಿ, ಆಮೇಲೆ ವಯಸ್ಸಿನ ಜೊತೆ ಇಳಿಯುತ್ತಾ ಬರುತ್ತದೆ. ಊಟ ಸರಿಯಾಗಿ ಸೇರದಿದ್ದರೆ, ಲಿವರ್ ಸೋತಿದ್ದರೆ, ಈಸ್ಟ್ರೋಜನ್ ಮಾತ್ರೆ ನುಂಗುತ್ತಿದ್ದರೆ ಇನ್ನೂ ಕಡಿಮೆ. ಎರಡು ಲ್ಯಾಬಿನಲ್ಲಿ ಎರಡು ಅಂಕೆ ಬರುವುದೂ ಇದೆ.

ಕಡಿಮೆ ಇದ್ದರೆ ಕೆಟ್ಟದ್ದು ಅನ್ನೋಣವೇ? ಈಕ್ವೆಡಾರ್‌ನಲ್ಲಿ ಲಾರೋನ್ ಸಿಂಡ್ರೋಮ್ ಇರುವವರಿದ್ದಾರೆ. ಹುಟ್ಟಿನಿಂದಲೇ ಅವರ ದೇಹಕ್ಕೆ ಬೆಳವಣಿಗೆಯ ಹಾರ್ಮೋನು ತಾಗುವುದಿಲ್ಲ. ಎತ್ತರ ತುಂಬಾ ಕಡಿಮೆ, ಐಜಿಎಫ್-1 ಕೂಡ. 22 ವರ್ಷ ಗಮನಿಸಿ 2011ರಲ್ಲಿ ಬಂದ ವರದಿಯಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಬಂದೇ ಇರಲಿಲ್ಲ, ಕ್ಯಾನ್ಸರ್ ಬಂದದ್ದು ಒಬ್ಬರಿಗೆ ಮಾತ್ರ. ಹಾಗಾದರೆ ನಮ್ಮ ಅಪ್ಪನ ಅಂಕೆ ಕಡಿಮೆ ಬಂದರೆ ಹೆದರಬೇಕಾ, ಖುಷಿಪಡಬೇಕಾ?

ಸ್ವಲ್ಪ ಜಾಸ್ತಿ ಬಂತು ಅಂತಿಟ್ಟುಕೊಳ್ಳಿ. ಮಗ ಹೆದರಿ ಅಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ, ಎಂಆರ್‌ಐ ಮಾಡಿಸುತ್ತಾನೆ. ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಸಣ್ಣ ಗಂಟು ಇರುತ್ತದೆ, ಹೆಚ್ಚಿನವು ಏನೂ ಮಾಡುವುದಿಲ್ಲ. ಅದು ಕಂಡರೆ ಮಾತ್ರ ಆ ಮನೆಯ ನಿದ್ದೆ ಹೋಯಿತು. ಆರಾಮವಾಗಿರುವವರ ಐಜಿಎಫ್-1 ಇಳಿಸಿ ಕ್ಯಾನ್ಸರ್ ತಡೆಯುವ ಚಿಕಿತ್ಸೆಯೂ ಇಲ್ಲ.

2020ರಲ್ಲಿ ಕೊರೊನಾದಿಂದ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿಗೆ ಹೋಗಲಾಗದೆ ನಮ್ಮವರು ಪರದಾಡಿದ್ದು ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ. ಕಿಡ್ನಿ, ಹೃದಯ ಕೆಡಿಸುವುದರಲ್ಲಿ ಶುಗರ್, ಬಿಪಿ ಮುಂದೆ. ಅವನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು. ಮೊದಲು ಅಲ್ಲಿಗೆ ಹೋಗೋಣ. ಉಂಗುರ ಬಿಗಿಯಾಗಿದ್ದರೆ, ಚಪ್ಪಲಿ ಚಿಕ್ಕದಾಗಿದ್ದರೆ ಅದನ್ನೂ ಅಲ್ಲಿನ ಡಾಕ್ಟರಿಗೆ ಹೇಳೋಣ.