ಲಾರಿ ಹೊರಳಿದತ್ತ ಕಲ್ಲಿನ ಕುಲ

ಬ್ರಿಟಿಷರು ಹೋದರು, ಇಂಗ್ಲಿಷ್ ಬೋರ್ಡುಗಳಲ್ಲೂ ಊರು ‘ಧಾರವಾಡ’ ಆಯಿತು. ಭೂವಿಜ್ಞಾನಿಗಳಿಗೆ ಮಾತ್ರ ಇಲ್ಲಿನ ಕಲ್ಲು ಇನ್ನೂ ‘ಧಾರ್ವಾರ್’. 19ನೆಯ ಶತಮಾನದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು. ಊರು ಹೆಸರು ಬದಲಿಸಿದರೂ ಕಲ್ಲು ಬದಲಿಸಬೇಕಿಲ್ಲ ಎಂಬುದು ಆ ಶಾಸ್ತ್ರದ ನಿಯಮ. ಅಮೆರಿಕದ ಮಾಕ್ ಚಂಕ್ ಪಟ್ಟಣ 1954ರಲ್ಲಿ ಜಿಮ್ ಥಾರ್ಪ್ ಆಯಿತು. ಅಲ್ಲಿಯ ಕಲ್ಲು ಇಂದಿಗೂ ಮಾಕ್ ಚಂಕ್. ಸರ್ಕಲ್ಲಿನ ಹೆಸರಿಗೆ ಬಡಿದಾಡುವ ನಮಗೆ ಈ ಹಟ ಅರ್ಥವಾಗುವುದು ಕಷ್ಟ.

ಸುಣ್ಣಗಲ್ಲಿನ ಪದರಕ್ಕೆ ತೊಟ್ಟಿಲು ಕಟ್ಟಿ ಹೆಸರಿಡುವುದು ಹುಡುಗಾಟವಲ್ಲ. ತಳ, ತಲೆ ಎರಡೂ ಕಾಣುವ ಜಾಗ ಹುಡುಕಬೇಕು. ದಪ್ಪ ಅಳೆಯಬೇಕು. ನಕ್ಷೆಯಲ್ಲಿ ತೋರಿಸುವಷ್ಟು ಅದು ಹಬ್ಬಿರಬೇಕು. ಹತ್ತಿರದ ಊರಿನ ಹೆಸರನ್ನು ಇನ್ನೊಂದು ಕಲ್ಲು ಮೊದಲೇ ಹೊಡೆದುಕೊಂಡಿರಬಾರದು. ಹೊಸದಾಗಿ ಒಡೆದ ಮುಖದ ಮೇಲೆ 10% ಹೈಡ್ರೋಕ್ಲೋರಿಕ್ ಆಸಿಡ್ಡಿನ ಒಂದು ಹನಿ ಬಿಟ್ಟಾಗ ಭರ್ರನೆ ನೊರೆ ಬಂದರೆ ಸುಣ್ಣಗಲ್ಲು. ಚಾಕುವಿನಿಂದ ಕೆರೆದ ಪುಡಿ ಮಾತ್ರ ನಿಧಾನಕ್ಕೆ ಗುಳ್ಳೆ ಎಬ್ಬಿಸಿದರೆ ಅದು ಮೆಗ್ನೀಷಿಯಂ ಬೆರೆತ ದಾಯಾದಿ, ಡಾಲೋಮೈಟ್. ಸೀಳಿನಲ್ಲಿ ತುಂಬಿದ ಬಿಳಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಮೇಲೆ ಹನಿ ಬಿತ್ತೋ, ಎಂಥ ಡಾಲೋಮೈಟೂ ಸುಣ್ಣಗಲ್ಲಿನ ವೇಷ ಹಾಕುತ್ತದೆ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಚಿಕ್ಕಶೆಲ್ಲಿಕೇರಿ ಸುಣ್ಣಗಲ್ಲು, ಚಿತ್ರಭಾನುಕೋಟ ಡಾಲೋಮೈಟ್ ಎಂದು ಊರೂರಿನ ಹೆಸರು ಕೂತದ್ದು ಇಂಥ ದುಡಿಮೆಯಿಂದ.

ಇಷ್ಟು ಬೆವರಿಳಿಸಿ ಗುಡ್ಡ ಇಳಿದರೆ 2025ರವರೆಗೆ ಕೆಳಗೆ ಕಾನೂನು ನಿಂತಿರುತ್ತಿತ್ತು. ಅದಕ್ಕೆ ಆಸಿಡ್ ಬೇಕಿರಲಿಲ್ಲ, ಒಂದೇ ಪ್ರಶ್ನೆ ಸಾಕಿತ್ತು: “ಲಾರಿ ಎಲ್ಲಿಗೆ ಹೊಂಟೈತ್ರೀ?” ಹುಬ್ಬಳ್ಳಿ ಬೈಪಾಸಿನಲ್ಲಿ ಸಿಮೆಂಟ್ ಕಾರ್ಖಾನೆಯತ್ತ ಹೊರಳಿದರೆ ಪ್ರಮುಖ ಖನಿಜವಾಗುತ್ತಿತ್ತು, ಅದರ ರಾಯಧನದ ದರ ಕೇಂದ್ರದ್ದು. ಅದೇ ಕಲ್ಲು ಕಟ್ಟಡದ ಸುಣ್ಣ ಸುಡುವ ಭಟ್ಟಿಯತ್ತ ಹೊರಳಿದರೆ ಉಪಖನಿಜವಾಗುತ್ತಿತ್ತು, ದರ ರಾಜ್ಯದ್ದು. 2015ರ ಫೆಬ್ರುವರಿ 10ರಂದು ಕೇಂದ್ರ 31 ಖನಿಜಗಳನ್ನು ಉಪಖನಿಜವೆಂದಿತು. ಡಾಲೋಮೈಟ್ ಇಳಿಯಿತು, ಕ್ಯಾಲ್ಸೈಟೂ ಇಳಿಯಿತು, ಸುಣ್ಣಗಲ್ಲು ಮೇಲೆಯೇ ಉಳಿಯಿತು. ಸುಣ್ಣಗಲ್ಲೆಂದರೆ ಬಹುಪಾಲು ಕ್ಯಾಲ್ಸೈಟೇ ಎಂದು ಯಾರೂ ಹೇಳಲಿಲ್ಲವೋ ಏನೋ. ಜ್ವಾಳ ಸಣ್ಣದು, ರೊಟ್ಟಿ ದೊಡ್ಡದು!

ಸುಣ್ಣಗಲ್ಲು, ಡಾಲೋಮೈಟ್ ಎರಡನ್ನೂ ಬೇರ್ಪಡಿಸಲು ಒಳ್ಳೆಯ ಕಾರಣವೇನೋ ಉಂಟು. ಸಿಮೆಂಟಿಗೆ ಡಾಲೋಮೈಟ್ ಹೆಚ್ಚು ಬೆರೆತರೆ ಅದರ ಮೆಗ್ನೀಷಿಯಾ ತಡವಾಗಿ ನೀರು ಕುಡಿದು ಹಿಗ್ಗುತ್ತದೆ, ಕಾಂಕ್ರೀಟ್ ಬಿರುಕು ಬಿಡುತ್ತದೆ. ಆದರೆ ಗುಡ್ಡದಲ್ಲಿ ಇವು ಸರ್ವೆ ಕಲ್ಲು ನೆಟ್ಟುಕೊಂಡು ಕೂತಿರುವುದಿಲ್ಲ. ಒಂದರ ಮೇಲೊಂದು ಇರುತ್ತವೆ. ಎಷ್ಟೋ ಕಡೆ ಸುಣ್ಣಗಲ್ಲು ಪಕ್ಕಕ್ಕೆ ಸರಿಯುತ್ತ ಸರಿಯುತ್ತ ತಾನೇ ಡಾಲೋಮೈಟ್ ಆಗಿಬಿಡುತ್ತದೆ. ಅಲ್ಲಿಗೆ ಅಗೆಯುವ ಯಂತ್ರ ಬಂದು ಒಂದೇ ಬಕೆಟಿಗೆ ಎರಡನ್ನೂ ಬಾಚಿದರೆ, ಎಡಗಡೆ ಹಲ್ಲಿಗೆ ದಿಲ್ಲಿಯ ದರ, ಬಲಗಡೆ ಹಲ್ಲಿಗೆ ಬೆಂಗಳೂರಿನ ದರ.