ಗ್ಲೂಕೋಸ್ ಕುಡಿದರೆ ಪಾರ್ಕಿನ್ಸನ್ ಹೋಗುವುದಿಲ್ಲ
ತುಮಕೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ, ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: 'ಪಾರ್ಕಿನ್ಸನ್ ಬರುವುದು ಮೆದುಳಿಗೆ ಶಕ್ತಿ ಸಾಲದೆ ಅಂತ ಕಂಪ್ಯೂಟರ್ ತೋರಿಸಿದೆ, ಗ್ಲೂಕೋಸ್ ಕುಡಿಯಿರಿ, ಮಾತ್ರೆ ಬಿಡಿ.' ಇದು ತಪ್ಪು.

ಶಕ್ತಿಯ ಕೊರತೆಯ ಮಾತು ಸುಮ್ನೆ ಹುಟ್ಟಿದ್ದಲ್ಲ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಡೋಪಮೈನ್ ಎಂಬ, ಮೈ ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ನರಕೋಶಗಳು; ಅಂಥ ಒಂದೊಂದು ಕೋಶಕ್ಕೂ ಲಕ್ಷಗಟ್ಟಲೆ ಕವಲು ತುದಿಗಳಿರುತ್ತವೆ. ಅದಕ್ಕೆ ಶಕ್ತಿ ಜಾಸ್ತಿ ಬೇಕು. ಕೋಶದೊಳಗೆ ಶಕ್ತಿ ಮಾಡಿಕೊಡುವ ಮೈಟೊಕಾಂಡ್ರಿಯ ಸೊರಗಿದರೆ ಏನಾಗಬಹುದು ಅಂತ ಕಂಪ್ಯೂಟರ್ ಮಾದರಿಗಳು ಲೆಕ್ಕ ಹಾಕುತ್ತವೆ. ಅದು ಔಷಧದ ಚೀಟಿಯಲ್ಲ. ಮೋಟಾರ್ ಸುಟ್ಟಿರುವಾಗ ಬೋರ್‌ವೆಲ್‌ನಲ್ಲಿ ನೀರಿದ್ದು ಏನು ಬಂತು, ಅಲ್ವಾ?

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಮೈ ಬಿಗಿದು, ಜ್ವರ ಏರಿ, ಜೀವಕ್ಕೇ ಅಪಾಯವಾಗಬಹುದು. ಸಕ್ಕರೆ ಕಾಯಿಲೆಯೂ ಇರುವ ಹಿರಿಯರಿಗೆ ಗ್ಲೂಕೋಸ್ ಇನ್ನೊಂದು ತೊಂದರೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಮಾತ್ರೆ ಬಿಟ್ಟವರಿದ್ದರೆ ಇವತ್ತೇ ಡಾಕ್ಟರಿಗೆ ತಿಳಿಸಿ.